ಮೂರು ಸಾವಿರ ಅಡಿ ಮೇಲಿನ ಲೆಕ್ಕ

ಕ್ವಾಲಿಸ್ ಗಾಡಿಯನ್ನು ಮರೆತವರು ಕಡಿಮೆ. 2000ದಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಹೊರಬಂದ ಆ ಚೌಕಾಕಾರದ ವಾಹನ ಮದುವೆ ದಿಬ್ಬಣಕ್ಕೂ ಸೈ, ತಿರುಪತಿ ಯಾತ್ರೆಗೂ ಸೈ ಎನಿಸಿಕೊಂಡಿತ್ತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಬಿಡದಿ ಆಗಿನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. ರಾಮನಗರ ಜಿಲ್ಲೆ ಹುಟ್ಟಿದ್ದು 2007ರಲ್ಲಿ. ಎರಡರಲ್ಲೂ ಡೀಸೆಲ್ ಎಂಜಿನ್ ಸಿಗುತ್ತಿತ್ತು. ಕ್ವಾಲಿಸ್ ಎಂಜಿನ್ನಿನ ಗಾತ್ರ 2446 ಸಿ.ಸಿ., ಇನ್ನೋವಾದ್ದು 2494 ಸಿ.ಸಿ. ವ್ಯತ್ಯಾಸ ಬರೀ 48 ಸಿ.ಸಿ., ಅಂದರೆ ಬೈಟು ಕಾಫಿಯ ಒಂದು ಪಾಲಿನಷ್ಟು. ಆದರೆ ಶಕ್ತಿ? ಮೊದಲಿನದು 75 ಅಶ್ವಶಕ್ತಿ, ಎರಡನೆಯದು 102.

ಈ ಹೆಚ್ಚುವರಿ 27 ಕುದುರೆಗಳು ಎಲ್ಲಿಂದ ಬಂದವು ಎಂದು ಯಾವ ಹುಡುಗನನ್ನು ಕೇಳಿದರೂ ಥಟ್ಟನೆ ಬರುವ ಉತ್ತರ, 'ಟರ್ಬೊ'. ಉತ್ತರ ತಪ್ಪಲ್ಲ, ಅರ್ಧ ಮಾತ್ರ. ಇನ್ನೋವಾದಲ್ಲಿ ಟರ್ಬೊ ಜೊತೆಗೆ ಡೀಸೆಲ್ ಉಣಿಸುವ ವ್ಯವಸ್ಥೆಯೂ ಪೂರ್ತಿ ಬದಲಾಗಿತ್ತು. ಹಳೆಯ ಪಂಪು ಹೋಗಿ 'ಕಾಮನ್ ರೈಲ್' ಬಂದಿತ್ತು. ಗಾಳಿ ಹೆಚ್ಚಿಸಿದವರು ಎಣ್ಣೆಯ ದಾರಿಯನ್ನೂ ಹೊಸದಾಗಿ ಕಟ್ಟಿದ್ದರು. ಬಾನೆಟ್ ಎತ್ತಿದಾಗ ಬಸವನಹುಳುವಿನಂತಿರುವ ಟರ್ಬೊ ಎದ್ದು ಕಾಣುತ್ತದೆ, ಎಣ್ಣೆಯ ಏರ್ಪಾಟು ಕಾಣುವುದಿಲ್ಲ. ಕಾಣದ್ದಕ್ಕೆ ಹಣ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ ನೋಡಿ.

ದೊಡ್ಡಬಳ್ಳಾಪುರ ತಾಲ್ಲೂಕಿನ ದ್ರಾಕ್ಷಿ ತೋಟದ ಮನೆಯೊಂದರಲ್ಲಿ ಆಗಿದ್ದೂ ಇದೇ. ಆ ಮನೆಯ ಮಗ ಆಟೊಮೊಬೈಲ್ ಡಿಪ್ಲೊಮಾ ಓದುತ್ತಿದ್ದಾನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಅವನೂ ಮೂವರು ಗೆಳೆಯರೂ ಸೇರಿ ಗುಜರಿಯಿಂದ ಹಳೆಯ ಮಾರುತಿ ಎಸ್ಟೀಮ್ ಕಾರಿನ ಪೆಟ್ರೋಲ್ ಎಂಜಿನ್ ಒಂದನ್ನು ತಂದರು. 1298 ಸಿ.ಸಿ., ನಾಲ್ಕು ಸಿಲಿಂಡರು, ಹೊಸದಿದ್ದಾಗ 6000 ಸುತ್ತಿನಲ್ಲಿ 85 ಅಶ್ವಶಕ್ತಿ. ಅದನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಟರ್ಬೊ ಜೋಡಿಸಿ, 120 ಅಶ್ವಶಕ್ತಿ ತೆಗೆದು ತೋರಿಸಬೇಕು ಎಂಬುದು ನಾಲ್ವರ ಹಠ. ಖರ್ಚಿಗೆ ಹುಡುಗ ಅಪ್ಪನ ಬಳಿ ಕೇಳಿದ್ದು 40 ಸಾವಿರ ರೂಪಾಯಿ. ಆ ವರ್ಷ ಬೆಂಗಳೂರು ನೀಲಿ ದ್ರಾಕ್ಷಿಗೆ ಬಂದ ಬೆಲೆಯಲ್ಲಿ ಔಷಧಿ, ಗೊಬ್ಬರ, ಕೂಲಿ ಎಲ್ಲ ಕಳೆದು ಉಳಿದಿದ್ದ ಹಣದಲ್ಲಿ ಅದು ದೊಡ್ಡ ಪಾಲು.

ಅಪ್ಪ ಬೈಯಲಿಲ್ಲ. ಪಟ್ಟಿ ಕೇಳಿದರು. ಹುಡುಗ ಬರೆದುಕೊಟ್ಟ ಪಟ್ಟಿಯಲ್ಲಿ ಟರ್ಬೊ, ಪೈಪು, ಇಂಟರ್‌ಕೂಲರು, ಬೂಸ್ಟ್ ತೋರಿಸುವ ಮೀಟರು ಇದ್ದವು. ಪೆಟ್ರೋಲಿಗೆ ಸಂಬಂಧಿಸಿದ್ದು ಒಂದೂ ಇರಲಿಲ್ಲ.

"ಏನ್ಲಾ ಮಾಡ್ತದೆ ಇದು?"

"ಎಂಜಿನ್ ಒಳಕ್ಕೆ ಗಾಳಿ ಒತ್ತಿ ತುಂಬ್ತದಪ್ಪ. ಗಾಳಿ ಜಾಸ್ತಿ ಹೋದ್ರೆ ಪವರ್ ಜಾಸ್ತಿ."

"ಗಾಳಿ ಜಾಸ್ತಿ ಆಯ್ತು. ಪೆಟ್ರೋಲು?"

"ಅದು ತಾನಾಗೇ ಹೋಯ್ತದೆ."

"ತೋಟದಾಗೆ ನಾಲ್ಕು ಸಾಲು ಡ್ರಿಪ್ ಜಾಸ್ತಿ ಎಳೆದು, ಮೋಟ್ರು ಹಳೇದೇ ಇಟ್ರೆ ನೀರು ತಾನಾಗೇ ಹೋಯ್ತದೇನ್ಲಾ?"

ಹುಡುಗನ ಬಳಿ ಉತ್ತರವಿರಲಿಲ್ಲ. ನೆಲಮಂಗಲದಲ್ಲಿ ಡೀಸೆಲ್ ಪಂಪ್ ರಿಪೇರಿ ಅಂಗಡಿ ಇಟ್ಟಿರುವ ಸೋದರಮಾವನನ್ನು ಕೇಳಿಕೊಂಡು ಬಾ, ಆಮೇಲೆ ದುಡ್ಡಿನ ಮಾತು ಎಂದು ಅಪ್ಪ ಎದ್ದು ಹೋದರು.

ಮಾವನ ಬಳಿಗೆ ಹೋಗುವ ಮೊದಲು ಟರ್ಬೊ ಎಂದರೇನೆಂದು ಎರಡು ಮಾತು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಹೀರಿ ಎಂಜಿನ್ನಿಗೆ ಒತ್ತುತ್ತದೆ. ವ್ಯರ್ಥವಾಗಿ ಹೋಗುವ ಶಕ್ತಿಯಿಂದ ತಿದಿ ಒತ್ತಿಸಿಕೊಂಡಂತೆ. ಸ್ವಿಟ್ಜರ್‌ಲ್ಯಾಂಡಿನ ಆಲ್ಫ್ರೆಡ್ ಬ್ಯೂಕಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಅದರ ಮೊದಮೊದಲ ದೊಡ್ಡ ಉಪಯೋಗ ವೇಗಕ್ಕಲ್ಲ, ಎತ್ತರಕ್ಕೆ ಎಂಬುದು ಸ್ವಾರಸ್ಯ. ಮೇಲೇರಿದಂತೆ ಗಾಳಿ ತೆಳುವಾಗಿ ವಿಮಾನದ ಎಂಜಿನ್ನುಗಳು ಏದುಸಿರು ಬಿಡುತ್ತಿದ್ದವು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತ 'ಲಿಬರ್ಟಿ' ಎಂಜಿನ್ನೊಂದನ್ನು ಲಾರಿಯ ಮೇಲೆ ಹೇರಿಕೊಂಡು 14 ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟ ಹತ್ತಿದ. ಕೆಳಗಿನ ಊರಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ಬೆಟ್ಟ ಕಸಿದುಕೊಂಡದ್ದನ್ನು ಟರ್ಬೊ ವಾಪಸು ತಂದಿತ್ತು.

ನೆಲಮಂಗಲದ ಮಾವನಿಗೆ ಈ ಕತೆಗಳೆಲ್ಲ ಗೊತ್ತಿಲ್ಲ. ಆದರೆ ಅವರ ಕೈ ನಳಿಗೆಯ ಹನಿಯನ್ನು ಅಳೆದು ಪಳಗಿದ ಕೈ. ತುಮಕೂರು ರಸ್ತೆಯ ಲಾರಿಗಳೂ ಹಾಸನ ರಸ್ತೆಯ ಲಾರಿಗಳೂ ಕೂಡುವ ಊರು ಅದು. ಇಂಥ ಅಂಗಡಿಗಳಲ್ಲಿ ಈಗಲೂ ಡೀಸೆಲ್ ಪಂಪಿಗೆ 'ಮೈಕೊ ಪಂಪು' ಎಂದೇ ಹೆಸರು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಮೆಕ್ಯಾನಿಕರ ನಾಲಿಗೆ ಬದಲಾಗಿಲ್ಲ. ಮಾವ ಅಳಿಯನ ಪಟ್ಟಿ ನೋಡಿ ನಕ್ಕರು.

"ಅಳಿಯ, ಡೀಸೆಲ್ ಗಾಡಿಗೆ ಗಾಳಿ ಜಾಸ್ತಿ ಆದ್ರೆ ಏನೂ ಕೆಡಾಕಿಲ್ಲ. ಹೊಗೆ ಕಮ್ಮಿ ಆಯ್ತದೆ ಅಷ್ಟೆ. ಎಣ್ಣೆ ಎಷ್ಟು ಬಿಡ್ತೀವೋ ಅಷ್ಟೇ ಎಳೆಯೋದು ಅದು. ಪೆಟ್ರೋಲ್ ಹಂಗಲ್ಲ ಕಣಪ್ಪ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಯ್ತೋ, ಪಿಸ್ಟನ್ ಕರಗೋಯ್ತದೆ."

ಬಹಳ ಜನ ಎಡವುವುದು ಈ ಜಾಗದಲ್ಲೇ. ಹೊಸಕೋಟೆಯಲ್ಲಿ 1998ರಿಂದ ವೋಲ್ವೊ ಲಾರಿ, 2001ರಿಂದ ಬಸ್ಸುಗಳು ತಯಾರಾದವು. ಸುಮಾರು 7 ಲೀಟರ್ ಎಂಜಿನ್ನಿನಿಂದ 290ರಷ್ಟು ಅಶ್ವಶಕ್ತಿ ತೆಗೆಯುತ್ತಿದ್ದ ಆ ಬಸ್ಸುಗಳು ದಿಬ್ಬ ಹತ್ತುವ ವೈಖರಿ ನೋಡಿದ ಹುಡುಗರಿಗೆ ಟರ್ಬೊ ಎಂದರೆ ಸಲೀಸು ಎನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅದು ಡೀಸೆಲ್. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯೂ ಪೆಟ್ರೋಲೂ ಮೊದಲೇ ಬೆರೆತು ಒಳಗೆ ಒತ್ತಿಸಿಕೊಳ್ಳುತ್ತವೆ. ಒತ್ತಡ ಹೆಚ್ಚಾದಷ್ಟೂ ಬಿಸಿ ಹೆಚ್ಚು. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತನ್ನಷ್ಟಕ್ಕೆ ಸಿಡಿಯಬಹುದು. 'ಟಿಣ್ ಟಿಣ್' ಎಂದು ಕೇಳಿಸುವ ಈ ಬಡಿತಕ್ಕೆ ನಾಕಿಂಗ್ ಎನ್ನುತ್ತಾರೆ. ಅದು ಮುಂದುವರಿದರೆ ಅಲ್ಯೂಮಿನಿಯಂ ಪಿಸ್ಟನ್ನಿನ ಅಂಚು ಮುರಿಯುತ್ತದೆ, ನೆತ್ತಿ ತೂತಾಗುತ್ತದೆ. ಇದನ್ನು ತಡೆಯಲು ಪೆಟ್ರೋಲನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಿಡಬೇಕು. ಆವಿಯಾಗುವಾಗ ಅದು ಶಾಖ ಹೀರಿ ಒಳಗನ್ನು ತಂಪು ಮಾಡುತ್ತದೆ. ಮಣ್ಣಿನ ಹೂಜಿ ನೀರನ್ನು ತಂಪಿಡುವುದೂ ಇದೇ ಉಪಾಯದಿಂದ.

ಹೀಗಾಗಿ 'ಎಷ್ಟು ಬೂಸ್ಟ್ ಹಾಕಬಹುದು?' ಎಂದು ಕೇಳುವ ಮೊದಲು, 'ಎಷ್ಟು ಪೆಟ್ರೋಲ್ ಕೊಡಬಲ್ಲೆವು?' ಎಂದು ಕೇಳಬೇಕಾಗುತ್ತದೆ. ಮಾವ ಗೊಬ್ಬರದ ಅಂಗಡಿಯ ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಪೆನ್ನು ಕೊಟ್ಟರು. ಲೆಕ್ಕ ಅಲ್ಲಿಂದ ಶುರು.

ಎಂಜಿನ್ ಎಂದರೆ ಮೊದಲಿಗೆ ಒಂದು ಗಾಳಿ ಪಂಪು. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 6000 ಸುತ್ತು ಎಂದರೆ 3000 ಸಲ. 1.298 ಲೀಟರನ್ನು 3000ದಿಂದ ಗುಣಿಸಿದರೆ 3894 ಲೀಟರ್. ಪೂರ್ತಿ ತುಂಬುವುದಿಲ್ಲವಾದ್ದರಿಂದ ನೂರಕ್ಕೆ 85ರಷ್ಟು ಎಂದು ಹಿಡಿದರೆ 3310 ಲೀಟರ್. ಸಮುದ್ರಮಟ್ಟದಲ್ಲಿ, 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಸಾವಿರ ಲೀಟರ್ ಗಾಳಿ ತೂಗುವುದು 1.165 ಕಿಲೊ. ಅಂದರೆ ಈ ಸಣ್ಣ ಎಂಜಿನ್ ನಿಮಿಷಕ್ಕೆ 3.86 ಕಿಲೊ ಗಾಳಿ ನುಂಗುತ್ತದೆ. ಗಾಳಿಗೆ ತೂಕವಿದೆ ಎಂದು ಪ್ರೈಮರಿ ಶಾಲೆಯಲ್ಲಿ ಓದಿ ಮರೆತವರು ಇದನ್ನೊಮ್ಮೆ ಕಲ್ಪಿಸಿಕೊಳ್ಳಬೇಕು.

ಆದರೆ ದೊಡ್ಡಬಳ್ಳಾಪುರ ಸಮುದ್ರದ ದಂಡೆಯಲ್ಲಿಲ್ಲ. ನೆರೆಯ ದೇವನಹಳ್ಳಿಯ ವಿಮಾನ ನಿಲ್ದಾಣದ ಎತ್ತರ 915 ಮೀಟರ್, ಅಂದರೆ 3002 ಅಡಿ. ಆ ಎತ್ತರದಲ್ಲಿ ಗಾಳಿಯ ಒತ್ತಡ ಮಂಗಳೂರಿನ 1.01 ಬಾರ್ ಇರುವುದಿಲ್ಲ, ಸುಮಾರು 0.91 ಬಾರ್ ಇರುತ್ತದೆ. ಹತ್ತರಲ್ಲಿ ಒಂದು ಪಾಲು ಕಡಿಮೆ. ಅದೇ ಎಂಜಿನ್ ಇಲ್ಲಿ ಎಳೆಯುವುದು 3.47 ಕಿಲೊ ಗಾಳಿ. ಕೊಡುವ ಶಕ್ತಿ 85 ಅಲ್ಲ, ಸುಮಾರು 76. ತೋಟದಿಂದ ಕಾಣುವ ನಂದಿ ಬೆಟ್ಟದ ತುದಿಗೆ, 1478 ಮೀಟರಿಗೆ, ಹೊತ್ತೊಯ್ದರೆ 71ಕ್ಕೆ ಇಳಿಯುತ್ತದೆ. ಕಾರಿನ ಕೈಪಿಡಿಯಲ್ಲಿ ಅಚ್ಚಾದ 85 ಎಂಬ ಅಂಕಿ ಈ ಜಿಲ್ಲೆಯ ನೆಲದ ಮೇಲೆ ಎಂದೂ ನಿಜವಾಗಿರಲಿಲ್ಲ!

ಇನ್ನು 120 ಅಶ್ವಶಕ್ತಿಗೆ ಬೇಕಾದ ಗಾಳಿ. 120ನ್ನು 85ರಿಂದ ಭಾಗಿಸಿದರೆ 1.41. ಗಾಳಿಯೂ ಅಷ್ಟೇ ಪಟ್ಟು ಬೇಕು, ಅಂದರೆ ನಿಮಿಷಕ್ಕೆ 5.44 ಕಿಲೊ. ಹಾಗಾದರೆ ಒತ್ತಡವನ್ನೂ 1.41 ಪಟ್ಟು ಮಾಡಿದರೆ ಸಾಕೆ? ಸಾಲದು. ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ, ಹಗುರಾಗುತ್ತದೆ. ಇಂಟರ್‌ಕೂಲರಿನಿಂದ ತಣಿಸಿದ ಮೇಲೂ ಗಾಳಿ 30ರ ಬದಲು 50 ಡಿಗ್ರಿಯಲ್ಲಿ ಒಳಹೋಗುತ್ತದೆ ಎಂದು ಹಿಡಿದರೆ, ಒತ್ತಡ ಇನ್ನೂ ಶೇಕಡಾ ಏಳರಷ್ಟು ಹೆಚ್ಚಬೇಕು. ಎಲ್ಲ ಸೇರಿ ಎಂಜಿನ್ ಬಾಗಿಲಲ್ಲಿ 1.52 ಬಾರ್ ಬೇಕಾಯಿತು.

ಈ 1.52 ಮೀಟರಿನಲ್ಲಿ ಕಾಣುವ ಅಂಕಿಯಲ್ಲ. ಬೂಸ್ಟ್ ಮೀಟರು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ ತೋರಿಸುತ್ತದೆ. ಮಂಗಳೂರಿನಲ್ಲಿ 1.52ರಲ್ಲಿ 1.01 ಕಳೆದು 0.5 ಬಾರ್, ದೊಡ್ಡಬಳ್ಳಾಪುರದಲ್ಲಿ 0.91 ಕಳೆದು 0.6 ಬಾರ್. 'ಅರ್ಧ ಬಾರ್ ಬೂಸ್ಟಿಗೆ ಇಷ್ಟು ಶಕ್ತಿ' ಎಂದು ಯಾರೋ ಬರೆದದ್ದನ್ನು ಓದಿ ಇಲ್ಲಿ ಹಾಗೆಯೇ ಮಾಡಿದರೆ ಅಷ್ಟು ಶಕ್ತಿ ಬರುವುದಿಲ್ಲ. ಬರಲಿ ಎಂದು ಬೂಸ್ಟ್ ಏರಿಸಿದರೆ ಟರ್ಬೊಗೆ ಬೀಳುವ ಹೊರೆಯೂ ಏರುತ್ತದೆ. ಅಲ್ಲಿ ಅದು ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದರೆ ಸಾಕಿತ್ತು, ಇಲ್ಲಿ 0.91ನ್ನು 1.52ಕ್ಕೆ ಏರಿಸಬೇಕು, 1.67 ಪಟ್ಟು. ಟರ್ಬೊದ ದಕ್ಷತೆ ನೂರಕ್ಕೆ 70 ಎಂದು ಹಿಡಿದರೆ ಮಂಗಳೂರಿನಲ್ಲಿ ಗಾಳಿ 83 ಡಿಗ್ರಿಗೆ ಕಾಯುತ್ತದೆ, ಇಲ್ಲಿ 98 ಡಿಗ್ರಿಗೆ. ಇಂಟರ್‌ಕೂಲರು ಆ ಏರಿಕೆಯಲ್ಲಿ ನೂರಕ್ಕೆ 70 ಪಾಲು ತೆಗೆದರೆ ಮತ್ತೆ 50ಕ್ಕೆ ಬಂದು ನಿಲ್ಲುತ್ತದೆ. ಮೊದಲು ಹಿಡಿದ ಅಂದಾಜಿಗೆ ಸರಿಹೋಯಿತು. ಫಿಲ್ಟರು, ಪೈಪುಗಳಲ್ಲಿ ಸೋರುವ ಒತ್ತಡಕ್ಕೆಂದು ಇದರ ಮೇಲೆ ಇನ್ನಷ್ಟು ಸೇರಿಸಿಕೊಳ್ಳುವುದು ಕ್ಷೇಮ.

ಟರ್ಬೊ ಆರಿಸುವಾಗಲೂ ಈ ಎತ್ತರ ಕಾಡುತ್ತದೆ. ತಯಾರಕರು ಪ್ರತಿ ಟರ್ಬೊಗೂ ಒಂದು ನಕ್ಷೆ ಕೊಡುತ್ತಾರೆ. ಅಡ್ಡಕ್ಕೆ ಗಾಳಿಯ ತೂಕ, ಉದ್ದಕ್ಕೆ ಒತ್ತಡದ ಪಟ್ಟು. ಅದು ಸಮುದ್ರಮಟ್ಟದ ಗಾಳಿಗೆ ಹೊಂದಿಸಿ ಬರೆದ ನಕ್ಷೆ. ತೆಳು ಗಾಳಿಯಲ್ಲಿ 5.44 ಕಿಲೊ ಒತ್ತುವ ಕೆಲಸ ಆ ನಕ್ಷೆಯ ಪ್ರಕಾರ ಸುಮಾರು 6 ಕಿಲೊ ಒತ್ತುವುದಕ್ಕೆ ಸಮ. ಹುಡುಗ ನೋಡಿಟ್ಟಿದ್ದ ಗುಜರಿ ಟರ್ಬೊ ಇದಕ್ಕೆ ಹೊಂದುತ್ತದೋ ಇಲ್ಲವೋ ಎಂಬುದು ನಕ್ಷೆ ನೋಡದೆ ಹೇಳಲಾಗದ ಮಾತು. ನೋಡಲು ಚೆನ್ನಾಗಿದೆ, ಕೈಯಲ್ಲಿ ಸಲೀಸಾಗಿ ತಿರುಗುತ್ತದೆ ಎಂಬುದು ಅದರ ಅರ್ಹತೆಯಲ್ಲ.

ಈಗ ಮಾವನ ಮೆಚ್ಚಿನ ಭಾಗ, ಪೆಟ್ರೋಲು. ಟರ್ಬೊ ಇಲ್ಲದೆ ಪೂರ್ತಿ ಎಳೆಯುವಾಗ ಒಂದು ಕಿಲೊ ಪೆಟ್ರೋಲಿಗೆ 12.8 ಕಿಲೊ ಗಾಳಿ ಎಂದು ಹಿಡಿಯಬಹುದು. ಬೂಸ್ಟಿನಲ್ಲಿ, ತಂಪಿಗೆಂದು, 11.5. ಸಮುದ್ರಮಟ್ಟದಲ್ಲಿ 85 ಅಶ್ವಶಕ್ತಿಗೆ ನಿಮಿಷಕ್ಕೆ 300 ಗ್ರಾಂ ಪೆಟ್ರೋಲು ಸಾಕಾಗುತ್ತಿತ್ತು. 120ಕ್ಕೆ 473 ಗ್ರಾಂ ಬೇಕು. ಶಕ್ತಿ ಹೆಚ್ಚಿದ್ದು ಶೇಕಡಾ 41, ಪೆಟ್ರೋಲು ಹೆಚ್ಚಿದ್ದು ಶೇಕಡಾ 57. ಹುಡುಗ ಪೆನ್ನು ಕಚ್ಚಿಕೊಂಡು ಕೂತದ್ದು ಇಲ್ಲಿಯೇ.

ನಾಲ್ಕು ಇಂಜೆಕ್ಟರುಗಳಿಗೆ ಹಂಚಿದರೆ ಒಂದೊಂದಕ್ಕೆ 118 ಗ್ರಾಂ. ಇಂಜೆಕ್ಟರ್ ನಲ್ಲಿಯಂತೆ ಸದಾ ತೆರೆದಿರುವುದಿಲ್ಲ, ಬಾಯಿ ಬಿಟ್ಟು ಮುಚ್ಚುತ್ತದೆ. 6000 ಸುತ್ತಿನಲ್ಲಿ ಒಂದು ಸರದಿಗೆ ಸಿಗುವ ಕಾಲ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗ. ಅದರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಹತೋಟಿ ತಪ್ಪುತ್ತದೆ, ಬಿಸಿಯೂ ಆಗುತ್ತದೆ. ಆದ್ದರಿಂದ 118ನ್ನು 0.8ರಿಂದ ಭಾಗಿಸಿ, ಗ್ರಾಮನ್ನು ಸಿ.ಸಿ.ಗೆ ತಿರುಗಿಸಿದರೆ, ನಿಮಿಷಕ್ಕೆ 200 ಸಿ.ಸಿ. ಬಿಡಬಲ್ಲ ಇಂಜೆಕ್ಟರ್ ಬೇಕು. ಇದು ಹಳೆಯ ಪೆಟ್ರೋಲಿನ ಲೆಕ್ಕ. ಇಂದು ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆತದ್ದು. ಎಥೆನಾಲಿಗೆ ನಾಕಿಂಗ್ ತಡೆಯುವ ಗುಣವಿದೆ, ನಿಜ. ಆದರೆ ಅದರಲ್ಲೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ನೂರಕ್ಕೆ ಏಳೆಂಟು ಪಾಲು ಹೆಚ್ಚು ಇಂಧನ ಬೇಡುತ್ತದೆ. 200 ಹೋಗಿ 215 ಆಯಿತು. ಹಳೆಯ ಕಾರುಗಳ ರಬ್ಬರ್ ಪೈಪುಗಳಿಗೂ ಇದು ಒಗ್ಗುವುದಿಲ್ಲ, ಅವನ್ನೂ ಬದಲಿಸಬೇಕು.

"ಇಂಜೆಕ್ಟರ್ ಬದಲಿಸೋದ್ಯಾಕೆ ಮಾವ? ಪೆಟ್ರೋಲ್ ಪ್ರೆಶರ್ ಜಾಸ್ತಿ ಮಾಡಿದ್ರೆ ಆಯ್ತಲ್ಲ?"

ಜಾಣ ಪ್ರಶ್ನೆಯೇ. ಆದರೆ ತೂತಿನಿಂದ ಹೊರಬರುವ ದ್ರವದ ಪ್ರಮಾಣ ಒತ್ತಡದ ವರ್ಗಮೂಲದಂತೆ ಏರುತ್ತದೆ. ನೀರು ಎರಡು ಪಟ್ಟು ಬೇಕಾದರೆ ಒತ್ತಡ ನಾಲ್ಕು ಪಟ್ಟಾಗಬೇಕು. 1.57 ಪಟ್ಟು ಪೆಟ್ರೋಲಿಗೆ ಒತ್ತಡ ಎರಡೂವರೆ ಪಟ್ಟು ಬೇಕು. ಮಾಮೂಲಿನ 3 ಬಾರ್ ಇದ್ದದ್ದು ಏಳಕ್ಕೂ ಮೇಲೆ ಹೋಗಬೇಕು. ಕಾರಿನ ಟ್ಯಾಂಕಿನಲ್ಲಿರುವ ಪಂಪಿಗೆ ಅದು ಆಗದ ಕೆಲಸ. ಒತ್ತಡ ಏರಿದಂತೆ ಪಂಪು ಕೊಡುವ ಪ್ರಮಾಣ ಇಳಿಯುತ್ತದೆ ಎಂಬುದನ್ನು ಕೊಳವೆಬಾವಿ ಇಟ್ಟುಕೊಂಡ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಬಾವಿ ಆಳವಾದಷ್ಟೂ ಅದೇ ಮೋಟರು ಎತ್ತುವ ನೀರು ಕಡಿಮೆ.

ಇಲ್ಲೊಂದು ಮೋಸದ ತಿರುವಿದೆ. ಇಂಜೆಕ್ಟರಿನ ಬಾಯಿ ಇರುವುದು ಗಾಳಿ ಬರುವ ಕೊಳವೆಯಲ್ಲಿ. ಅಲ್ಲಿ ಬೂಸ್ಟ್ 0.6 ಬಾರ್ ಎದುರಿಗೆ ಒತ್ತುತ್ತಿದ್ದರೆ, 3 ಬಾರ್ ಪೆಟ್ರೋಲಿಗೆ ಉಳಿಯುವ ಬಲ 2.4 ಮಾತ್ರ. ಪ್ರಮಾಣದಲ್ಲಿ ಹತ್ತಕ್ಕೊಂದು ಪಾಲು ಖೋತಾ, ಅದೂ ಹೆಚ್ಚು ಬೇಕಾದ ಹೊತ್ತಿನಲ್ಲೇ. ಆದ್ದರಿಂದ ರೆಗ್ಯುಲೇಟರಿಗೆ ಆ ಕೊಳವೆಯಿಂದಲೇ ಒಂದು ಸಣ್ಣ ಪೈಪು ಎಳೆದು, ಬೂಸ್ಟ್ ಏರಿದಷ್ಟೂ ಪೆಟ್ರೋಲಿನ ಒತ್ತಡವೂ ಏರುವಂತೆ ಮಾಡಬೇಕು. ಆಗ ಪಂಪು 3.6 ಬಾರಿನಲ್ಲಿ ದುಡಿಯಬೇಕಾಗುತ್ತದೆ. ಗಂಟೆಗೆ 38 ಲೀಟರು, ಎಥೆನಾಲಿನ ಪಾಲು ಸೇರಿ 41. ಪಂಪು ಹಳತಾದರೂ ಸಾಲುವಂತಿರಲಿ ಎಂದು ಮೇಲೆ ಕಾಲು ಪಾಲು ಸೇರಿಸಿದರೆ ಸುಮಾರು 51 ಲೀಟರು. ಪಂಪಿನ ಡಬ್ಬದ ಮೇಲೆ ಬರೆದ ಅಂಕಿ ಇದಕ್ಕೆ ಸಾಕ್ಷಿಯಾಗದು, 3.6 ಬಾರಿನಲ್ಲಿ ಎಷ್ಟು ಕೊಡುತ್ತದೆ ಎಂಬುದೇ ಮುಖ್ಯ. ಎಂಜಿನ್ನಿನ ಕಂಪ್ಯೂಟರಿನ ಗಾಳಿ ಸೆನ್ಸರಿನದೂ ಇದೇ ಪಾಡು. ಹೊರಗಿನ ಗಾಳಿಯ ಒತ್ತಡದವರೆಗಷ್ಟೇ ಓದುವ ಸೆನ್ಸರಿಗೆ ಬೂಸ್ಟ್ ಬಂದದ್ದೇ ತಿಳಿಯುವುದಿಲ್ಲ. ಸೇರಿನ ಪಾತ್ರೆಯಲ್ಲಿ ಒಂದೂವರೆ ಸೇರು ಅಳೆಯಲು ಹೋದಂತೆ.

ಲೆಕ್ಕ ಇಲ್ಲಿಗೆ ಬಂದಾಗ ಮಾವ ಹಾಳೆ ಬದಿಗಿಟ್ಟು, ಎಂಜಿನ್ನಿನಲ್ಲಿದ್ದ ಇಂಜೆಕ್ಟರುಗಳನ್ನೇ ಬಿಚ್ಚಿ ತರಲು ಹೇಳಿದರು. ಪೆಟ್ರೋಲ್ ಇಂಜೆಕ್ಟರ್ ಪರೀಕ್ಷಿಸುವ ಪರಿಚಯದ ಅಂಗಡಿಯಲ್ಲಿ ನಾಲ್ಕನ್ನೂ ಒಟ್ಟಿಗೆ ಕೂರಿಸಿ, 3 ಬಾರ್ ಒತ್ತಡದಲ್ಲಿ ಅರ್ಧ ನಿಮಿಷ ಪೂರ್ತಿ ತೆರೆದರು. ಕೆಳಗೆ ನಾಲ್ಕು ಗಾಜಿನ ಅಳತೆ ಕೊಳವೆಗಳು. ಮೊದಲ ಎರಡರಲ್ಲಿ 75 ಸಿ.ಸಿ., ಮೂರನೆಯದರಲ್ಲಿ 74, ನಾಲ್ಕನೆಯದರಲ್ಲಿ 66.

ಕೊಳೆ ಕಟ್ಟಿದ ಆ ನಾಲ್ಕನೇ ಇಂಜೆಕ್ಟರೇ ಪಿಸ್ಟನ್ ಕರಗಿಸುವ ಆಸಾಮಿ. ಹೊಗೆ ಕೊಳವೆಯಲ್ಲಿಟ್ಟ ಸೆನ್ಸರ್ ನಾಲ್ಕೂ ಸಿಲಿಂಡರುಗಳ ಸರಾಸರಿ ನೋಡಿ 'ಎಲ್ಲ ಸರಿಯಿದೆ' ಎನ್ನುತ್ತದೆ. ನಾಲ್ಕನೆಯದರಲ್ಲಿ ಮಾತ್ರ ಪೆಟ್ರೋಲು ಕಡಿಮೆಯಾಗಿ ಉರಿ ಏರುತ್ತಿರುತ್ತದೆ. ಡ್ರಿಪ್ ಸಾಲಿನ ಕೊನೆಯ ಬಳ್ಳಿ ಒಣಗುವುದೂ ಹೀಗೆಯೇ. ಮೀಟರಿನಲ್ಲಿ ನೀರು ಹೋದದ್ದು ಸರಿಯಾಗಿಯೇ ಕಾಣುತ್ತದೆ. ಅಪ್ಪನಿಗೆ ಈ ನಾಲ್ಕು ಅಂಕಿಗಳನ್ನು ತೋರಿಸಿದಾಗ ಬೇರೆ ವಿವರಣೆಯೇ ಬೇಕಾಗಲಿಲ್ಲವಂತೆ.

ಸ್ವಚ್ಛ ಮಾಡಿಸಿದ ಮೇಲೆ ನಾಲ್ಕನೆಯದೂ 74ಕ್ಕೆ ಬಂತು. ಅಂದರೆ ಒಂದೊಂದೂ ನಿಮಿಷಕ್ಕೆ ಸುಮಾರು 150 ಸಿ.ಸಿ. ಬೇಕಾದದ್ದು 215. ಹುಡುಗನ ಮುಖ ಸಪ್ಪಗಾಯಿತು. ಆಗ ಮಾವ ಲೆಕ್ಕವನ್ನು ಹಿಂದುಮುಂದು ಮಾಡಿಸಿದರು. ಈ 150ರಿಂದ ಎಷ್ಟು ಗಾಳಿಗೆ ಸಾಲುವಷ್ಟು ಪೆಟ್ರೋಲು ಕೊಡಬಹುದು?

ನೂರಕ್ಕೆ 80ರ ಮಿತಿ, ಎಥೆನಾಲಿನ ಪಾಲು, 11.5ರ ಮಿಶ್ರಣ, ಎಲ್ಲ ಹಾಕಿ ನೋಡಿದರೆ ನಿಮಿಷಕ್ಕೆ 3.8 ಕಿಲೊ ಗಾಳಿ. ಅಶ್ವಶಕ್ತಿಯಲ್ಲಿ ಸುಮಾರು 84. ಅದಕ್ಕೆ ದೊಡ್ಡಬಳ್ಳಾಪುರದಲ್ಲಿ ಬೇಕಾದ ಬೂಸ್ಟ್ ಬರೀ 0.15 ಬಾರ್. ಅಷ್ಟು ಕಡಿಮೆ ಒತ್ತಿದರೆ ಗಾಳಿ 50 ಡಿಗ್ರಿಯ ಒಳಗೇ ಇರುವುದರಿಂದ ಇಂಟರ್‌ಕೂಲರೂ ಬೇಡ. 0.6 ಬಾರಿನ ಕನಸು ಕಂಡವನಿಗೆ 0.15 ಎಂದರೆ ಗೇಲಿ ಮಾಡಿದಂತೆ ಕೇಳಿಸಬಹುದು. ಆದರೆ ಇಲ್ಲಿನ ಎತ್ತರ ಈ ಎಂಜಿನ್ನಿನಿಂದ ಕಸಿದುಕೊಂಡಿದ್ದು 9 ಅಶ್ವಶಕ್ತಿಯಷ್ಟೇ. ಆ 0.15 ಬಾರ್ ಅದರಲ್ಲಿ 8ನ್ನು ವಾಪಸು ತರುತ್ತದೆ. ಪೈಕ್ಸ್ ಪೀಕಿನಲ್ಲಿ ಮಾಸ್ ಮಾಡಿ ತೋರಿಸಿದ್ದು ಬೇರೇನಲ್ಲ. ಪ್ರಾಜೆಕ್ಟಿನ ದೃಷ್ಟಿಯಿಂದ ನೋಡಿದರೂ 120ರ ಬೆನ್ನು ಹತ್ತುವುದಕ್ಕಿಂತ ಇದೇ ಹೆಚ್ಚು ಗಟ್ಟಿ ವಿಷಯ. ಎಂಜಿನ್ ಉಳಿಯುತ್ತದೆ, ಲೆಕ್ಕ ಸರಿಯಿತ್ತೋ ಇಲ್ಲವೋ ಎಂಬುದನ್ನು ಸ್ಟ್ಯಾಂಡಿನ ಮೇಲೆ ಅಳೆದು ನೋಡಬಹುದು.

ಹಾಗೆಂದು 120 ಹುಚ್ಚು ಆಸೆಯೇನಲ್ಲ. 2019ರಲ್ಲಿ ಬಂದ ಹುಂಡೈ ವೆನ್ಯೂ ಕಾರಿನ ಟರ್ಬೊ ಎಂಜಿನ್ 998 ಸಿ.ಸಿ.ಯಲ್ಲೇ 120 ಅಶ್ವಶಕ್ತಿ ಕೊಟ್ಟಿತು. ಆದರೆ ಅದರ ಪಿಸ್ಟನ್ನು, ತಂಪಿನ ವ್ಯವಸ್ಥೆ, ಸಿಲಿಂಡರಿನ ಒಳಕ್ಕೇ ನೇರ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು ಎಲ್ಲವೂ ಟರ್ಬೊಗೆಂದೇ ಹುಟ್ಟಿದವು. ಗುಜರಿಯ ಎಂಜಿನ್ನಿಗೆ ಆ ಭಾಗ್ಯವಿಲ್ಲ.

ತಂದೆತಾಯಿಯರು ಗಮನಿಸಬೇಕಾದ ಇನ್ನೊಂದು ಮಾತಿದೆ. ಇದೆಲ್ಲ ಸ್ಟ್ಯಾಂಡಿನ ಮೇಲಿನ ಎಂಜಿನ್ನಿಗೆ. ರಸ್ತೆಯಲ್ಲಿ ಓಡುವ ಕಾರಿಗೆ ಮನಬಂದಂತೆ ಟರ್ಬೊ ಕೂರಿಸುವ ಹಾಗಿಲ್ಲ. ತಯಾರಕರು ಕೊಟ್ಟ, ನೋಂದಣಿ ಪುಸ್ತಕದಲ್ಲಿ ಬರೆದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಮಗ ಮನೆಯ ಕಾರಿನ ಬಾನೆಟ್ ಕಡೆ ಆಸೆಯಿಂದ ನೋಡುತ್ತಿದ್ದರೆ ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೊಸ ಪಟ್ಟಿ ಎರಡು ಭಾಗವಾಯಿತು. ಮೊದಲ ಭಾಗದಲ್ಲಿ ರಬ್ಬರ್ ಪೈಪುಗಳು, ಬೂಸ್ಟಿಗೆ ಹೊಂದಿಕೊಳ್ಳುವ ರೆಗ್ಯುಲೇಟರು, ಬೂಸ್ಟನ್ನೂ ಓದಬಲ್ಲ ಸೆನ್ಸರು, ಹೊಗೆಯ ಆಮ್ಲಜನಕ ಅಳೆಯುವ ಮೀಟರು, ಕೊನೆಯಲ್ಲಿ ನಕ್ಷೆ ನೋಡಿ ಆರಿಸಿದ ಒಂದು ಸಣ್ಣ ಟರ್ಬೊ. ಇದಿಷ್ಟಕ್ಕೆ ಅಪ್ಪ ಕೊಟ್ಟದ್ದು 22 ಸಾವಿರ. 215 ಸಿ.ಸಿ. ಇಂಜೆಕ್ಟರು, ದೊಡ್ಡ ಪಂಪು, ಇಂಟರ್‌ಕೂಲರು ಎರಡನೇ ಭಾಗದಲ್ಲಿವೆ. ಅವುಗಳ ಮಾತು ಮುಂದಿನ ದ್ರಾಕ್ಷಿ ಕೊಯ್ಲಿನ ಮೇಲೆ, ಅದೂ 0.15 ಬಾರಿನಲ್ಲಿ ಎಂಜಿನ್ ಎಷ್ಟು ಎಳೆಯಿತು, ನಾಲ್ಕೂ ಪ್ಲಗ್ಗುಗಳ ಬಣ್ಣ ಒಂದೇ ಇದೆಯೇ ಎಂಬುದನ್ನು ಮಾವ ಬಂದು ನೋಡಿದ ನಂತರ.